ಐದು ಎಳೆ ಕೆಂಪು

ನಮ್ಮ ಡಾಕ್ಟ್ರಮ್ಮನವರ ಬೆರಳ ತುದಿಗಳು ಸದಾ ಬಿಳುಚಿಕೊಂಡು, ಸಣ್ಣಗೆ ಸುಕ್ಕುಗಟ್ಟಿರುತ್ತಿದ್ದವು. ಬಹಳ ಹೊತ್ತು ಬಟ್ಟೆ ಒಗೆದು ಎದ್ದವರ ಬೆರಳಿನ ಹಾಗೆ. ಬೆಳಗಿನಿಂದ ಸಂಜೆಯವರೆಗೂ ರಬ್ಬರ್ ಗ್ಲೌಸಿನೊಳಗೆ ಬೆವರುವ ಕೈ ಅದು. ಒಬ್ಬರ ಬಾಯಿ ನೋಡಿ ಮುಗಿಸಿ ಗ್ಲೌಸ್ ಕಳಚಿದಾಗಲೆಲ್ಲ ಆ ಬೆರಳುಗಳನ್ನು ಟ್ಯೂಬ್‌ಲೈಟಿನ ಕಡೆಗೆ ಹಿಡಿದು ಒಂದು ಸಲ ನೋಡಿಕೊಳ್ಳುತ್ತಿದ್ದರು. ಅವರ ತಾಯಿ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಾಣಿಕೆ ಮಾಡಿಕೊಂಡಿದ್ದವರು. ಮೂವತ್ತು ವರ್ಷ ಬಿಸಿನೀರಿನ ಬೇಸಿನ್ನಿನ ಮುಂದೆ ಕೂತು, ಕುದಿಯುವ ರೇಷ್ಮೆಗೂಡಿನಿಂದ ಎಳೆ ಹುಡುಕಿ ತೆಗೆದವರು. "ನಮ್ಮ ಅಮ್ಮೀದು ಬಿಸಿನೀರಿಂದ ಹಿಂಗಾಗಿತ್ತು, ನಂದು ಗ್ಲೌಸಿಂದ. ಇಷ್ಟು ಓದಿ ಏನ್ ಬಂತು ಹೇಳಿ" ಎಂದು ನಗುತ್ತಿದ್ದರು.

ಅವರು ಹಲ್ಲಿನ ಡಾಕ್ಟರು. ಹಲ್ಲಿಗಿಂತ ಹೆಚ್ಚಾಗಿ ಒಸಡಿನ ಡಾಕ್ಟರು ಎನ್ನಬೇಕು. ಗೂಡಿನ ಮಾರುಕಟ್ಟೆಗೆ ಹೋಗುವ ರಸ್ತೆಯಲ್ಲಿ, ಮಹಡಿಯ ಮೇಲೆ ಎರಡು ಕೋಣೆಯ ಕ್ಲಿನಿಕ್. ಕೆಳಗಿನ ಬೀದಿಯಿಂದ ಬೆಂದ ರೇಷ್ಮೆಹುಳುವಿನ ವಾಸನೆ ಬರುತ್ತಿತ್ತು, ಒಳಗಿನಿಂದ ಲವಂಗದೆಣ್ಣೆಯ ವಾಸನೆ. ಎರಡೂ ಮೆಟ್ಟಿಲ ಮೇಲೆ ಕೂಡುತ್ತಿದ್ದವು. ಡಾಕ್ಟ್ರಮ್ಮನವರು ಎದುರಿಗೆ ಬಂದವರ ಮುಖ ನೋಡುವ ಮೊದಲು ಬಾಯಿ ನೋಡುತ್ತಿದ್ದರು. ಮದುವೆಮನೆಯಲ್ಲಿ ಊಟಕ್ಕೆ ಕೂತರೂ ಅಷ್ಟೆ. ಹಲ್ಲಿನ ಮೇಲಿನ ಕಂದು ಗೆರೆ ನೋಡಿ ಇವರು ಚಿಂತಾಮಣಿ ಆಚೆಯ ಬೋರ್‌ವೆಲ್ ನೀರು ಕುಡಿದು ಬೆಳೆದವರು, ಇವರು ಗೌರಿಬಿದನೂರು ಕಡೆಯವರು ಎಂದು ಹೇಳಿಬಿಡುತ್ತಿದ್ದರು. ಹೆಸರು ಕೇಳಿದರೆ ನೆನಪಿರುತ್ತಿರಲಿಲ್ಲ. "ಆ ಮೇಲಿನ ಕೋರೆಹಲ್ಲು ಸೊಟ್ಟಗಿದೆಯಲ್ಲ, ಅವರ ಮಗಳು" ಎನ್ನುತ್ತಿದ್ದರು.

ನಾನು ಹುಟ್ಟಿದ್ದು, ಓದಿದ್ದು ಚಿಕ್ಕಬಳ್ಳಾಪುರದಲ್ಲಿ. ಕಾನ್ವೆಂಟಿನಲ್ಲಿ ಹತ್ತನೇ ತರಗತಿವರೆಗೆ ಓದಿ, ಆಮೇಲೆ ಪಿಯುಸಿ ಮುಗಿಸಿ, ಹೈಸ್ಕೂಲ್ ಮೇಷ್ಟ್ರನ್ನು ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದೆ. ಎರಡನೇ ಬಾಣಂತನ ಮುಗಿದ ವರ್ಷ ಹಲ್ಲುಜ್ಜಿದರೆ ಬ್ರಷ್ ಕೆಂಪಾಗುತ್ತಿತ್ತು. ಯಾರಿಗೂ ಹೇಳದೆ ತೊಳೆದಿಡುತ್ತಿದ್ದೆ. ಕೆಳಗಿನ ಮುಂದಿನ ಎರಡು ಹಲ್ಲು ನಾಲಿಗೆ ತಾಕಿದರೆ ಅಲುಗಾಡುವುದಕ್ಕೆ ಶುರುವಾದ ಮೇಲೆ ಅತ್ತೆಗೆ ಹೇಳಿದೆ. ನಮ್ಮ ಮನೇಲಿ ಎಲ್ಲರಿಗೂ ನಲವತ್ತಕ್ಕೆ ಉದುರೋದೇ ಕಣಮ್ಮ, ಕೀಳಿಸಿಬಿಡು ಎಂದರು. ಕೀಳಿಸುವುದಕ್ಕೆಂದೇ ಆ ಮೆಟ್ಟಿಲು ಹತ್ತಿದ್ದು.

ಡಾಕ್ಟ್ರಮ್ಮನವರು ಕೀಳಲಿಲ್ಲ. ಮೂರು ವಾರ ಕರೆಸಿಕೊಂಡು ಒಸಡಿನ ಒಳಗಿನವರೆಗೂ ಕ್ಲೀನ್ ಮಾಡಿದರು. ಪ್ರತಿ ಸಲ ಮುಗಿದ ಮೇಲೆ ಪೆನ್ನಿನಂಥ ಒಂದು ಕಡ್ಡಿಯನ್ನು ಒಸಡಿನ ಹತ್ತಿರ ಹಿಡಿಯುತ್ತಿದ್ದರು. ಅದರ ತುದಿಯಲ್ಲಿ ಕೆಂಪು ಬೆಳಕು. ನನ್ನ ಕಣ್ಣಿಗೆ ಕಪ್ಪು ಕನ್ನಡಕ ಹಾಕಿದ್ದರೂ ಬೆಳಕು ಬಂದದ್ದು ತಿಳಿಯುತ್ತಿತ್ತು, ಮೆಷಿನ್ನು ಕುಂಯ್ ಕುಂಯ್ ಅನ್ನುತ್ತಿತ್ತು. ಬಿಸಿ ಇಲ್ಲ, ನೋವಿಲ್ಲ. ಲೇಸರ್ ಬೆಳಕು, ಆದರೆ ಸುಡುವ ಜಾತಿಯದಲ್ಲ, ಮೆಲ್ಲಗಿನದು ಎಂದರು. ಇದರಿಂದ ವಾಸಿಯಾಗುತ್ತದಾ ಎಂದು ಕೇಳಿದೆ. ಬೇರೆ ಯಾವ ಡಾಕ್ಟರಾದರೂ ಹೌದು ಅನ್ನುತ್ತಿದ್ದರು. ಇವರು ಕಡ್ಡಿಯನ್ನು ಹತ್ತಿಯಿಂದ ಒರೆಸುತ್ತಾ, "ಗೊತ್ತಿಲ್ಲ" ಎಂದರು.

ಆ ಉತ್ತರಕ್ಕೆ ನಾನು ಅವರನ್ನು ನಂಬಿದೆ. ಹಲ್ಲು ಗಟ್ಟಿಯಾದವು, ಇವತ್ತಿಗೂ ಇವೆ.

ಅವರು ಬೆಂಗಳೂರಿನಲ್ಲಿ ಒಸಡಿನ ವಿಷಯದ ಮೇಲೆ ದೊಡ್ಡ ಓದು ಓದುವಾಗ, ಕಿತ್ತ ಹಲ್ಲಿನ ಜೊತೆ ಬಂದ ಒಸಡಿನ ಚೂರುಗಳನ್ನು ಗಾಜಿನ ತಟ್ಟೆಯಲ್ಲಿಟ್ಟು ಅದರ ಜೀವಕೋಶಗಳನ್ನು ಬೆಳೆಸಿದ್ದರಂತೆ. ಮೈಕ್ರೋಸ್ಕೋಪಿನಲ್ಲಿ ಅವು ಮಗ್ಗದ ಲಾಳಿಯ ಹಾಗೆ, ಎರಡೂ ತುದಿ ಚೂಪಾಗಿ, ಒಂದರ ಪಕ್ಕ ಒಂದು ಮಲಗಿರುತ್ತಿದ್ದವಂತೆ. ಅವಕ್ಕೆ ಈ ಕೆಂಪು ಬೆಳಕು ಕೊಟ್ಟು, ದಿನಾ ಬೆಳಿಗ್ಗೆ ಹೋಗಿ ಎಣಿಸುತ್ತಿದ್ದರಂತೆ. ಸ್ವಲ್ಪ ಬೆಳಕು ಕಂಡರೆ ಹೆಚ್ಚುತ್ತಿದ್ದವು, ಜಾಸ್ತಿಯಾದರೆ ಮುದುಡಿಕೊಳ್ಳುತ್ತಿದ್ದವು. "ಸೊಸೆಯಂದಿರ ಥರ, ಹೊಗಳಿಕೆ ಹದವಾಗಿರಬೇಕು" ಎಂದು ತಮಾಷೆ ಮಾಡುತ್ತಿದ್ದರು. ಆದರೆ ತಟ್ಟೆಯಲ್ಲಿ ಬೆಳೆದದ್ದು ಮನುಷ್ಯರ ಬಾಯಲ್ಲಿ, ಅದೂ ನಮ್ಮ ಕಡೆಯ ಕಡ್ಡಿಪುಡಿ, ಎಲೆಅಡಿಕೆ, ಬೋರ್ ನೀರಿನ ಬಾಯಲ್ಲಿ ಬೆಳೆಯುತ್ತದೋ ಇಲ್ಲವೋ? ದೊಡ್ಡ ಊರುಗಳಲ್ಲಿ ಕೆಲವರು ಹೌದೆನ್ನುತ್ತಾರೆ, ಕೆಲವರು ಇಲ್ಲವೆನ್ನುತ್ತಾರೆ. ಇಪ್ಪತ್ತು ವರ್ಷದಿಂದ ಬಂದವರಿಗೆಲ್ಲ ಕೊಡುತ್ತಿದ್ದ ಬೆಳಕು ನಿಜವಾಗಿ ಏನಾದರೂ ಮಾಡುತ್ತಿದೆಯಾ, ಅಥವಾ ಬರೀ ಕುಂಯ್ ಅನ್ನುತ್ತಿದೆಯಾ ಎಂದು ಒಂದು ಸಲ ತಾವೇ ನೋಡಿ ತಿಳಿದುಕೊಳ್ಳಬೇಕು. ಅವರಿಗೆ ಬೇಕಾಗಿದ್ದದ್ದು ಅದೊಂದೇ. ಮದುವೆಯಾಗಿರಲಿಲ್ಲ, ಆಸ್ತಿ ಮಾಡಲಿಲ್ಲ. ನಲವತ್ತು ಬಾಯಿ ನೋಡಿದರೆ ನನ್ನ ಮಟ್ಟಿಗೆ ಸಾಕು ಎನ್ನುತ್ತಿದ್ದರು.

ಅದಕ್ಕೆ ಅವರು ಕಂಡುಕೊಂಡ ದಾರಿ ಹೀಗಿತ್ತು. ಒಬ್ಬರದೇ ಬಾಯಲ್ಲಿ ಎರಡೂ ಕಡೆ ಒಂದೇ ಥರ ಕ್ಲೀನಿಂಗ್, ಬೆಳಕು ಮಾತ್ರ ಒಂದು ಕಡೆಗೆ. ಯಾವ ಕಡೆಗೆ ಎಂದು ಪೇಶೆಂಟೇ ಬಿಸ್ಕತ್ತಿನ ಡಬ್ಬಿಯಿಂದ ಚೀಟಿ ಎತ್ತಬೇಕು. ಚೀಟಿಯನ್ನು ಕವರಿಗೆ ಹಾಕಿ ಅಂಟಿಸಿಡುವುದು. ಪ್ರತಿಯೊಬ್ಬರಿಗೂ ಮೊದಲೇ ಹೇಳುತ್ತಿದ್ದರು: ನನಗೇ ಗೊತ್ತಿಲ್ಲ, ಅದಕ್ಕೆ ಹೀಗೆ ಮಾಡುತ್ತಿದ್ದೇನೆ, ಒಪ್ಪಿದರೂ ಸರಿ, ಒಪ್ಪದಿದ್ದರೂ ಸರಿ. ಮಾರುಕಟ್ಟೆಯಲ್ಲಿ ಅವರಿಗೆ ಅರ್ಧಬಾಯಿ ಡಾಕ್ಟರು ಎಂಬ ಹೆಸರೇ ಬಿತ್ತು. ಅವರಿಗೂ ಅದು ಗೊತ್ತಿತ್ತು.

ಮೂರು ವಾರ ಬಿಟ್ಟು ಬಂದಾಗ ಯಾವ ಕಡೆ ಹೇಗಿದೆ ಎಂದು ನೋಡಿ ಬರೆಯುವುದಕ್ಕೆ ಬೇರೆ ಒಬ್ಬರು ಬೇಕು. ಬೆಳಕು ಯಾವ ಕಡೆ ಎಂದು ಅವರಿಗೆ ಗೊತ್ತಿರಬಾರದು. "ನಾನೇ ನೋಡಿದ್ರೆ ನನ್ನ ಆಸೆ ನೋಡುತ್ತೆ, ಕಣ್ಣು ನೋಡಲ್ಲ" ಎಂದರು. ಆ ಕೆಲಸಕ್ಕೆ ನನ್ನನ್ನು ಆರಿಸಿದ್ದು ಬಳೆ ಅಂಗಡಿಯ ಪಕ್ಕದ ದಾರದ ಅಂಗಡಿಯಲ್ಲಿ. ಸೀರೆಯ ಫಾಲ್ಸಿಗೆ ದಾರ ಹೊಂದಿಸುತ್ತಾ, ಇದು ಅಲ್ಲ, ಇದು ಒಂದು ಚೂರು ನೀಲಿ ಹೊಡೆಯುತ್ತೆ ಎಂದು ನಾನು ಅಂಗಡಿಯವನ ತಲೆ ತಿನ್ನುತ್ತಿದ್ದೆ. ಹಿಂದೆ ನಿಂತಿದ್ದ ಡಾಕ್ಟ್ರಮ್ಮನವರು ಎರಡು ದಾರದುಂಡೆ ಎತ್ತಿ, ಇವೆರಡರಲ್ಲಿ ಏನು ವ್ಯತ್ಯಾಸ ಹೇಳಿ ಎಂದರು. ಹೇಳಿದೆ. ನಾಳೆ ಮಧ್ಯಾಹ್ನ ಬನ್ನಿ ಕಾನ್ವೆಂಟಮ್ಮ ಎಂದರು. ನನ್ನ ದುಂಡಗಿನ ಇಂಗ್ಲಿಷ್ ಅಕ್ಷರ ಕಂಡ ದಿನದಿಂದ ನಾನು ಅವರಿಗೆ ಕಾನ್ವೆಂಟಮ್ಮ.

ಅವರು ಒಂದು ರಟ್ಟಿನ ಕಾರ್ಡು ಮಾಡಿದ್ದರು. ಅದಕ್ಕೆ ಐದು ಬಣ್ಣದ ರೇಷ್ಮೆ ಎಳೆಗಳನ್ನು ಒತ್ತಾಗಿ ಸುತ್ತಿದ್ದರು. ಬಣ್ಣ ಹಾಕುವವರ ಮನೆಗೆ ಹೋಗಿ, ಎದುರು ಕೂತು ಅದ್ದಿಸಿ ತಂದದ್ದು. ಒಂದನೆಯದು ಕೂಸಿನ ಒಸಡಿನ ತಿಳಿ ಗುಲಾಬಿ, ಐದನೆಯದು ಬೀಟ್‌ರೂಟ್ ಹೆಚ್ಚಿದ ಕೈಯ ಬಣ್ಣ. ನಾನು ಯಾರ ಬಾಯಿಗೂ ಕೈ ಹಾಕಬೇಕಾಗಿರಲಿಲ್ಲ. ಪೇಶೆಂಟು ಕಿಟಕಿಯ ಹತ್ತಿರ ಕೂತು ತುಟಿ ಎಳೆದು ಹಿಡಿಯುತ್ತಿದ್ದರು. ನಾನು ಟಾರ್ಚು ಬಿಟ್ಟು, ಕಾರ್ಡು ಪಕ್ಕಕ್ಕೆ ಹಿಡಿದು, ಬಲ ಎಷ್ಟು, ಎಡ ಎಷ್ಟು, ಒಸಡಿನ ಅಂಚು ಗಟ್ಟಿ ಕೂತಿದೆಯೋ ಉಬ್ಬಿದೆಯೋ, ಇಷ್ಟು ಬರೆಯಬೇಕು. ಒಳಗೆ ಜೀವಕೋಶ ಬೆಳೆಯುತ್ತಿದೆಯೋ ಇಲ್ಲವೋ ನೋಡುವ ಮೆಷಿನ್ನು ನಮ್ಮೂರಿನಲ್ಲಿ ಇಲ್ಲ, ಅದರ ನೆರಳು ಅಂದರೆ ಈ ಬಣ್ಣ, ಈ ಅಂಚು ಎನ್ನುತ್ತಿದ್ದರು.

ವಾರಕ್ಕೆ ಎರಡು ಮಧ್ಯಾಹ್ನ. ಮಕ್ಕಳು ಸ್ಕೂಲಿನಿಂದ ಬರುವುದರೊಳಗೆ ಮನೆ ಸೇರುತ್ತಿದ್ದೆ. ಇಡೀ ವಾರದಲ್ಲಿ ನನ್ನ ಅಡಿಗೆ, ನನ್ನ ಮನೆ ಅಲ್ಲದ ಒಂದು ಕೆಲಸಕ್ಕೆ ನಾನು ಬೇಕಾಗಿದ್ದದ್ದು ಆ ಎರಡು ಮಧ್ಯಾಹ್ನ ಮಾತ್ರ. ಕೆಲಸ ಮುಗಿದ ಮೇಲೆ ಡಾಕ್ಟ್ರಮ್ಮನವರು ಫ್ಲಾಸ್ಕಿನಿಂದ ಸುಲೈಮಾನಿ ಟೀ ಬಗ್ಗಿಸಿ ಕೊಡುತ್ತಿದ್ದರು, ಹಾಲಿಲ್ಲದೆ, ಸಕ್ಕರೆಯೂ ಇಲ್ಲದೆ. ಹಲ್ಲಿನ ಡಾಕ್ಟರ ಮನೆಯ ಟೀ ಅಲ್ಲವೇ. ನಾನು ಮನೆಗೆ ಹೋಗಿ ಇನ್ನೊಂದು ಲೋಟ ಸಿಹಿಯಾಗಿ ಕುಡಿಯುತ್ತಿದ್ದೆ.

ಶ್ರಾವಣದ ಒಂದು ದಿನ ಪೆರೇಸಂದ್ರದ ಹೆಂಗಸೊಬ್ಬರು ಬಂದರು. ಹೈವೇ ಪಕ್ಕದಲ್ಲಿ ದ್ರಾಕ್ಷಿ ಮಾರುವವರು, ಐವತ್ತರ ಮೇಲಿನ ವಯಸ್ಸು, ಅರ್ಧ ತೆಲುಗು ಅರ್ಧ ಕನ್ನಡ. ಅವರ ಬಲಗೆನ್ನೆಯ ಕೆಳಗೆ, ದವಡೆಯ ಹತ್ತಿರ, ಕಾಡಿಗೆಯ ಒಂದು ಬೊಟ್ಟು. ಕೂಸಿಗೆ, ಮದುಮಗಳಿಗೆ ಇಡುವಂಥದ್ದು. ಮಸಿ ಹತ್ತಿದೆ ಅಂದುಕೊಂಡು ಒರೆಸಿಕೊಳ್ಳಿ ಎಂದೆ. ಅವರು ಕೆನ್ನೆ ಮುಚ್ಚಿಕೊಂಡರು.

"ಅಯ್ಯೋ ಇರಲಿ ಬಿಡಮ್ಮ. ನೀನು ದೀಪ ಬಿಟ್ಕೊಂಡು ಅಷ್ಟು ಹೊತ್ತು ನೋಡ್ತೀಯ. ಈ ಪಕ್ಕ ಬಾಗಾ ವಾಸಿ ಆಗ್ತಾ ಐತೆ. ನಿನ್ನ ದಿಷ್ಟಿ ತಗಲ್ದೆ ಇರ್ಲಿ ಅಂತ."

ಯಾವ ಕಡೆ ಬೆಳಕು ಎಂದು ಹೇಳಬಾರದೆಂದು ಡಾಕ್ಟ್ರಮ್ಮ ಹೇಳಿರಲಿಲ್ಲವಾ ಎಂದು ಗಾಬರಿಯಿಂದ ಕೇಳಿದೆ.

"ಬಾಯಿ ಬಿಡಬಾರ್ದು ಅಂದವ್ರೆ. ನಾನು ಬಾಯಿ ಬಿಟ್ನಾ? ಬೊಟ್ಟಿಟ್ಟೆ ಅಷ್ಟೆ" ಎಂದು ಆಕೆ ನಕ್ಕು, ಬಾಯಿ ಬಿಟ್ಟರು.

ನನಗೂ ನಗು ಬಂತು. ನಗುತ್ತಲೇ ಕಾರ್ಡು ಹಿಡಿದೆ. ಬಲಗಡೆ ಎರಡೋ ಮೂರೋ ಎಂದು ಅನುಮಾನವಿತ್ತು. ಎರಡು ಎಂದು ಬರೆದೆ.

ಹೊರಗಿನ ಬೆಂಚಿನ ಮೇಲೆ ಕೂತವರಿಗೆ ಮಾತು ಹರಡುವುದಕ್ಕೆ ಎಷ್ಟು ಹೊತ್ತು. ಮುಂದಿನ ವಾರ ಇನ್ನೊಬ್ಬರ ಎಡಗೆನ್ನೆಯಲ್ಲಿ ಬೊಟ್ಟು. ಅದರ ಮುಂದಿನ ವಾರ ಮೂವರು. ಬುರ್ಖಾ ಹಾಕಿದವರು ಮುಖದ ಬಟ್ಟೆ ಸರಿಸಿದರೆ ಅಲ್ಲೊಂದು ಬೊಟ್ಟು, ನಜರ್‌ಗೆ, ಅಂದರೆ ದೃಷ್ಟಿಗೆ. ಚೀಟಿ ಎತ್ತಿದ್ದು ಅವರೇ, ಮೆಷಿನ್ನಿನ ಸದ್ದು ಕೇಳಿದ್ದೂ ಅವರೇ, ಯಾವ ಕಡೆ ಎಂದು ಅವರಿಗೆ ಗೊತ್ತಿರದೆ ಇರುತ್ತದೆಯೇ? ಡಾಕ್ಟ್ರಮ್ಮನವರಿಗೆ ಅದು ದೊಡ್ಡದಾಗಿ ಕಂಡಿರಲಿಲ್ಲ. ಒಸಡಿಗೆ ಕಿವಿ ಇಲ್ಲ ಬಿಡಿ ಎಂದಿದ್ದರು. ನನಗೆ ಗೊತ್ತಾಗಬಾರದು, ಅಷ್ಟೇ ಅವರು ಕಾಯ್ದುಕೊಂಡಿದ್ದದ್ದು. ಅವರು ಒಳಕೋಣೆಯಲ್ಲಿ ಇನ್ನೊಬ್ಬರ ಕೆಲಸದಲ್ಲಿರುತ್ತಿದ್ದರು. ಮೂರು ವಾರ ಬಿಟ್ಟು ತೋರಿಸಲು ಬಂದವರು ನನ್ನ ಮುಂದೆ ಕೂತು ಹಾಗೇ ಮೆಟ್ಟಿಲಿಳಿದು ಹೋಗುತ್ತಿದ್ದರು.

ನಾನು ಹೇಳಬೇಕಾಗಿತ್ತು. ಅವತ್ತೇ ಒಳಗೆ ಹೋಗಿ, ನೋಡಿ ಹೀಗಾಯಿತು ಎಂದಿದ್ದರೆ ಅವರು ನಕ್ಕು, ಇನ್ನು ಮೇಲೆ ಎಲ್ಲರೂ ಮುಖ ತೊಳೆದುಕೊಂಡು ಬನ್ನಿ ಎನ್ನುತ್ತಿದ್ದರು. ಅಷ್ಟರಲ್ಲಿ ಮುಗಿಯುತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೊದಲ ದಿನ ತಮಾಷೆ ಎಂದುಕೊಂಡೆ. ಎರಡನೇ ವಾರ, ಹೋದ ವಾರವೇ ಯಾಕೆ ಹೇಳಲಿಲ್ಲ ಅನ್ನುತ್ತಾರೆ ಎಂದು ಹೆದರಿದೆ. ಆಮೇಲೆ ಇನ್ನೊಂದು ಕಾರಣ ಬಂತು. ಪುಸ್ತಕದಲ್ಲಿ ನನ್ನ ಅಕ್ಷರ ಅಷ್ಟು ಚೆನ್ನಾಗಿ ಸಾಲುಗಟ್ಟುತ್ತಿತ್ತು, ತುಂಬಿದ ಪುಟಗಳನ್ನು ತಿರುವಿ ಡಾಕ್ಟ್ರಮ್ಮನವರು ಮೂಗಿನಲ್ಲೇ ಏನೋ ಹಾಡು ಗುನುಗುತ್ತಿದ್ದರು. ಅವರು ಗುನುಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನನ್ನ ಕೈ ಸುಳ್ಳು ಬರೆಯಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎರಡಕ್ಕೂ ಮೂರಕ್ಕೂ ನಡುವೆ ಅನುಮಾನ ಬಂದಾಗ ಬೊಟ್ಟಿದ್ದ ಕಡೆ ಎರಡು ಬರೆಯುತ್ತಿದ್ದೆ, ಅಷ್ಟೆ. ಆದರೆ ಅನುಮಾನ ಬರದ ಬಾಯಿ ಎಲ್ಲಿರುತ್ತದೆ?

ದೀಪಾವಳಿ ಕಳೆದ ವಾರ ನಲವತ್ತನೆಯ ಬಾಯಿ. ಬಿಚ್ಚಾಣಿಕೆ ಘಟಕ ಇಟ್ಟುಕೊಂಡಿದ್ದ ಸಾಹೇಬರೊಬ್ಬರು, ಬಿಳಿ ಗಡ್ಡ. ಕೊನೆಯವರೆಂದು ಡಾಕ್ಟ್ರಮ್ಮನವರೇ ಒಳಗಿನಿಂದ ಎದ್ದು ಬಂದರು. ಗಡ್ಡದ ಮೇಲೆ, ಕೆನ್ನೆಯಲ್ಲಿ ಬೊಟ್ಟು ಕಂಡು ಜೋರಾಗಿ ನಕ್ಕು, ಏನು ಸಾಹೇಬ್ರೇ, ಇನ್ನೊಂದು ನಿಕಾಹ್ ಇದೆಯಾ ಎಂದರು. ಅವರು ನಾಚಿಕೊಂಡು, ಬೀವಿ ಇಟ್ಟು ಕಳಿಸಿದಳು, ಬೆಳಕು ಬಿಟ್ಟ ಕಡೆಗೆ ನಜರ್ ಆಗಬಾರದಂತೆ, ಇಲ್ಲಿ ಎಲ್ಲರೂ ಇಡುತ್ತಾರಲ್ಲ ಎಂದರು.

ಡಾಕ್ಟ್ರಮ್ಮನವರ ನಗು ಮುಖದ ಮೇಲೆ ಹಾಗೇ ಉಳಿಯಿತು. ಸಾಹೇಬರನ್ನು ಮಾತಾಡಿಸಿ ಕಳಿಸಿಕೊಟ್ಟರು. ಬಾಗಿಲು ಮುಂದೆ ಮಾಡಿ ಬಂದು ನನ್ನೆದುರು ಕೂತರು.

"ಎಷ್ಟು ದಿನದಿಂದ?"

"ಶ್ರಾವಣದಿಂದ" ಎಂದೆ.

ಬೈಯಲಿಲ್ಲ. ಪುಸ್ತಕ ಎಳೆದುಕೊಂಡು ಶ್ರಾವಣದ ಪುಟಕ್ಕೆ ಬಂದರು. ಅಡ್ಡಪಟ್ಟಿ ಇಟ್ಟು ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು. ಮುಂದಿನ ಪುಟಕ್ಕೆ ಇನ್ನೊಂದು. ಹನ್ನೊಂದು ಬಾಯಿ ಉಳಿದವು, ಇಪ್ಪತ್ತೊಂಬತ್ತು ಹೋದವು. ಅಷ್ಟೂ ಪುಟಕ್ಕೆ ಗೆರೆ ಎಳೆಯುವವರೆಗೆ ನಾನು ಎದುರಿಗೆ ಕೂತಿದ್ದೆ. ನಮ್ಮ ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಶನಿವಾರ ಪಾದ್ರಿಯ ಹತ್ತಿರ ತಪ್ಪೊಪ್ಪಿಕೊಂಡು ಹಗುರವಾಗಿ ಹೊರಗೆ ಬರುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವತ್ತು ನನ್ನ ಬಾಯಿಂದ ತಪ್ಪಾಯಿತು ಎಂಬ ಮಾತೂ ಹೊರಡಲಿಲ್ಲ. ಕೊನೆಯ ಗೆರೆ ಎಳೆದ ಮೇಲೆ ಅವರು ಹೇಳಿದರು:

"ನಿಮ್ಮ ದೃಷ್ಟಿ ತಾಕಬಾರ್ದು ಅಂತ ಇಟ್ಟ ಬೊಟ್ಟು. ಅದರಿಂದಾನೇ ನಿಮ್ಮ ದೃಷ್ಟಿ ಕೆಡ್ತು ನೋಡಿ."

ಈ ಕೆಲಸಕ್ಕೆ ಬೇರೆ ಯಾರನ್ನಾದರೂ ಇಟ್ಟುಕೊಳ್ಳಿ ಎಂದೆ. ಬೇಡ, ಒಂದು ಸಲ ಎಡವಿದವರು ಮುಂದೆ ನೆಲ ನೋಡಿಕೊಂಡು ನಡೆಯುತ್ತಾರೆ ಎಂದರು. ಮೆಷಿನ್ನಿನ ಸದ್ದನ್ನೂ ಬಂದ್ ಮಾಡಿಸುತ್ತೇನೆ, ಆಗ ಉಳಿದ ಹನ್ನೊಂದೂ ಹೊಸದರ ಜೊತೆ ಸೇರುವುದಿಲ್ಲ, ಮೊದಲಿಂದ ಶುರು ಮಾಡೋಣ, ಯುಗಾದಿಯ ಆಚೆಗೆ ಹೋದರೆ ಹೋಗಲಿ ಎಂದು ಅವತ್ತೇ ಹೊಸ ಪುಸ್ತಕಕ್ಕೆ ಬೈಂಡು ಹಾಕಿಸಿ ತಂದರು. ಟೀ ಕೊಟ್ಟರು. ಕುಡಿದು, ಲೋಟ ತೊಳೆದಿಟ್ಟು ಬಂದೆ.

ಹೊಸ ಪುಸ್ತಕದಲ್ಲಿ ಏಳು ಬಾಯಿ ಆಗಿದ್ದವು. ಸಂಕ್ರಾಂತಿ ಆದ ಮೇಲೆ, ಎಳ್ಳುಬೆಲ್ಲದ ಜೊತೆಗೆ ನಮ್ಮ ಹಿತ್ತಲಿನ ಸೀಬೆಹಣ್ಣು ತೆಗೆದುಕೊಂಡು ಹೋಗಿದ್ದೆ. ಡಾಕ್ಟ್ರಮ್ಮನವರು ನಿಂತುಕೊಂಡೇ ಒಂದನ್ನು ಕಚ್ಚಿದರು. ಕಚ್ಚಿದ ಜಾಗದಲ್ಲಿ ಬಿಳಿ ತಿರುಳಿನ ಮೇಲೆ ರಕ್ತ. ನಾನು, ಡಾಕ್ಟರ ಒಸಡಲ್ಲೂ ರಕ್ತ ಬರುತ್ತದಾ ಎಂದು ನಕ್ಕೆ. ಅವರು ನಗಲಿಲ್ಲ. ಪೇಶೆಂಟುಗಳ ಕನ್ನಡಿ ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ ತಮ್ಮ ತುಟಿ ತಾವೇ ಎಳೆದು ನೋಡಿಕೊಂಡರು, ಮೇಲೆ, ಕೆಳಗೆ, ಆ ಕಡೆ, ಈ ಕಡೆ. ಕೆಲವು ದಿನದಿಂದ ದವಡೆ ಭಾರ ಅನ್ನುತ್ತಿದ್ದರು, ನಿದ್ದೆ ಸಾಲದೆ ಎಂದುಕೊಂಡಿದ್ದರು. ಒಸಡು ಹಲ್ಲಿನ ಮೇಲೆ ಹಿಟ್ಟು ಉಬ್ಬಿದ ಹಾಗೆ ಬಂದಿತ್ತು. ಇದು ಹಲ್ಲಿನ ಕೊಳೆಯಿಂದ ಬಂದ ರಕ್ತ ಅಲ್ಲ ಎಂದಷ್ಟೇ ಹೇಳಿ ಕನ್ನಡಿಯನ್ನು ತೊಳೆದಿಟ್ಟರು.

ಚಿಕ್ಕಬಳ್ಳಾಪುರದಲ್ಲಿ ರಕ್ತ ಪರೀಕ್ಷೆ ಮಾಡಿಸಿದರು, ಆಮೇಲೆ ಬೆಂಗಳೂರಿನಲ್ಲಿ. ರಕ್ತದ ಕ್ಯಾನ್ಸರ್. ನನಗೆ ಅವರೇ ಹೇಳಿದರು, ಕ್ಲಿನಿಕ್ಕಿನ ಬೀಗದ ಕೈಯನ್ನು ತಮ್ಮನಿಗೆ ಕೊಡುವ ದಿನ. ತಮ್ಮನೂ ಬಿಚ್ಚಾಣಿಕೆಯವರೇ, ಅಕ್ಕನ ಮನೆಯ ಕೆಳಭಾಗದಲ್ಲಿ ಸಂಸಾರ. "ಒಸಡು ನನ್ನ ಕೈಬಿಡಲಿಲ್ಲ ಕಾನ್ವೆಂಟಮ್ಮ, ಮೊದಲು ಅದೇ ಬಂದು ಹೇಳ್ತು" ಎಂದರು. ಹೊಸ ಪುಸ್ತಕವನ್ನು ಕಪಾಟಿನಲ್ಲಿ ಇಟ್ಟು, ಏಳು ಕವರುಗಳನ್ನು ಅದರ ಮೇಲಿಟ್ಟು ಬೀಗ ಹಾಕಿದರು.

ನಾನು ಮನೆಗೆ ಬಂದು ತಿಂಗಳುಗಳನ್ನು ಬೆರಳಲ್ಲಿ ಲೆಕ್ಕ ಹಾಕಿದೆ. ಶ್ರಾವಣ, ಭಾದ್ರಪದ, ಆಶ್ವಯುಜ, ದೀಪಾವಳಿಯವರೆಗೆ. ನಾನು ಬಾಯಿ ಬಿಟ್ಟಿದ್ದರೆ ನಲವತ್ತೂ ದೀಪಾವಳಿಗೇ ಮುಗಿದಿರುತ್ತಿದ್ದವು. ಕವರುಗಳನ್ನು ಒಡೆದು, ಹೌದು ಅನ್ನಲಿ ಇಲ್ಲ ಅನ್ನಲಿ, ಅವರು ಒಂದು ಉತ್ತರ ನೋಡಿರುತ್ತಿದ್ದರು. ಆ ಮೂರು ತಿಂಗಳನ್ನು ತಿಂದದ್ದು ಕಾಯಿಲೆಯಲ್ಲ.

ಆಸ್ಪತ್ರೆಗೆ ನೋಡುವುದಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ, ಅಂಟು ತಾಕುತ್ತದೆಂದು. ಏಪ್ರಿಲ್‌ನಲ್ಲಿ ಒಂದು ದಿನ ತಮ್ಮ ಫೋನ್ ಮಾಡಿದರು. ಅಕ್ಕ ನಿಮ್ಮನ್ನು ಕರೆಯುತ್ತಿದ್ದಾರೆ, ಡಾಕ್ಟರಿಗೆ ಹೇಳಿ ಒಪ್ಪಿಸಿದ್ದಾರೆ, ಬಿಸಿಲಿರುವಾಗ ಬರಬೇಕಂತೆ ಎಂದರು. ಬಿಸಿಲು ಯಾಕೆಂದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿಯಲಿಲ್ಲ. ಬೆಳಗಿನ ಬಸ್ಸಿಗೆ ಹೋದೆ. ಬಾಗಿಲಲ್ಲಿ ನನಗೆ ಮಾಸ್ಕು, ಟೋಪಿ ಹಾಕಿ, ಕೈ ತೊಳೆಸಿ ಒಳಗೆ ಬಿಟ್ಟರು.

ತಲೆಯ ಕೂದಲು ಇರಲಿಲ್ಲ. ದುಪಟ್ಟಾ ಸುತ್ತಿಕೊಂಡಿದ್ದರು. ಔಷಧಿಯಿಂದ ಬಾಯೆಲ್ಲ ಹುಣ್ಣಾಗಿ, ಬಿಸಿ ಅನ್ನ ಬಾಯಲ್ಲಿಟ್ಟುಕೊಂಡವರ ಹಾಗೆ ಮಾತಾಡುತ್ತಿದ್ದರು. ಮಕ್ಕಳು ಹೇಗಿದ್ದಾರೆ, ಚಿಕ್ಕವನು ಹಲ್ಲುಜ್ಜುತ್ತಾನಾ ಎಂದು ಕೇಳಿದರು. ಆಮೇಲೆ ಕಿಟಕಿಯ ಪರದೆ ಸರಿಸಿ ಎಂದರು.

"ಹುಣ್ಣಿಗೆ ಇಲ್ಲಿ ಅದೇ ಬೆಳಕು ಕೊಡ್ತಾ ಇದಾರೆ, ಕೆನ್ನೆ ಒಳಗೆ. ಯಾವ ಕಡೆ ಅಂತ ನಾನು ಹೇಳಲ್ಲ. ನೋಡಿ."

ಬಾಯಿ ತೆರೆದರು. ತೆರೆಯುವಾಗ ಕಣ್ಣಿನ ಕೊನೆಯಲ್ಲಿ ನೀರು ಬಂತು. ನಾನು ಫೋನಿನ ಟಾರ್ಚು ಬಿಟ್ಟೆ.  ಬಲಗೆನ್ನೆಯ ಒಳಗೆ ಬಿಳಿಯ ಪೊರೆ, ಅದರ ಸುತ್ತ ಹಸಿ ಕೆಂಪು. ಎಡಗೆನ್ನೆಯಲ್ಲೂ ಅದೇ ಬಿಳಿ, ಅದೇ ಕೆಂಪು. ಮತ್ತೆ ಬಲಕ್ಕೆ ಹೋದೆ. ಮತ್ತೆ ಎಡಕ್ಕೆ. ಒಂದು ಕಡೆಯಾದರೂ ಒಂದು ಚೂರು ಗುಲಾಬಿ ಇರಲಿ ಎಂದು ಹುಡುಕಿದೆ. ಇಷ್ಟು ವರ್ಷ ಅವರು ನಂಬಲೂ ಆಗದೆ, ಬಿಡಲೂ ಆಗದೆ ಇಟ್ಟುಕೊಂಡಿದ್ದ ಬೆಳಕು ಅವರ ಬಾಯಲ್ಲೇ ಕೆಲಸ ಮಾಡುತ್ತಿದೆ ಎಂದು ಒಂದು ಮಾತು ಹೇಳಿದರೆ, ಆ ಮುಖಕ್ಕೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು.

"ಎರಡೂ ಒಂದೇ ಥರ ಇವೆ" ಎಂದೆ.

"ಸರಿಯಾಗಿ ನೋಡಿದ್ರಾ?"

"ನೋಡಿದೆ. ಏನೂ ವ್ಯತ್ಯಾಸ ಇಲ್ಲ."

ಬಾಯಿ ಮುಚ್ಚಿಕೊಂಡು ದುಪಟ್ಟಾದ ತುದಿಯಿಂದ ಕಣ್ಣು ಒರೆಸಿಕೊಂಡರು. ಒಂದು ಬಾಯಿಂದ ಏನೂ ಗೊತ್ತಾಗುವುದಿಲ್ಲ ಎಂದು ಮೆಲ್ಲಗೆ ಹೇಳಿದರು, ನನಗೆ ಸಮಾಧಾನ ಹೇಳುವ ಹಾಗೆ. ಆಮೇಲೆ, "ಬರ್ಕೊಳ್ಳಿ" ಎಂದರು. ಬರೆಯುವುದಕ್ಕೆ ಕಾಗದ ಇರಲಿಲ್ಲ. ಮಾತ್ರೆಯ ಕವರಿನ ಹಿಂದೆ ನರ್ಸಮ್ಮನ ಪೆನ್ನಿನಿಂದ ಬರೆದೆ. ಅದನ್ನು ತೆಗೆದುಕೊಂಡು ಓದಿ, ದಿನ ಹಾಕಿಲ್ಲವಲ್ಲ ಎಂದರು. ದಿನ ಹಾಕಿ ಕೊಟ್ಟೆ. ದಿಂಬಿನ ಕೆಳಗಿಟ್ಟುಕೊಂಡರು.

ನಾನು ನೋಡಿ ಬಂದ ಒಂಬತ್ತನೆಯ ದಿನ ಹೋಗಿಬಿಟ್ಟರು. ಶಿಡ್ಲಘಟ್ಟಕ್ಕೆ ಕರೆತಂದರು. ಗಂಡಸರು ಎತ್ತಿಕೊಂಡು ಹೋದ ಮೇಲೆ ನಾನು ಹೆಂಗಸರ ನಡುವೆ, ಚಾಪೆಯ ಮೇಲೆ ಕೂತಿದ್ದೆ. ಅವರ ನೆಂಟರೊಬ್ಬರು, ಅಜ್ಜಿ, ನೀವು ಏನಾಗಬೇಕಮ್ಮ ಎಂದು ಕೇಳಿದರು. ಅವರ ಪುಸ್ತಕ ಬರೆಯುತ್ತಿದ್ದೆ ಎಂದೆ. ಅಜ್ಜಿಗೆ ಏನರ್ಥವಾಯಿತೋ, ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಮೂರು ದಿನದ ಕಾರ್ಯಕ್ಕೆ ಮತ್ತೆ ಹೋದಾಗ ತಮ್ಮ ಆ ಮಾತ್ರೆಯ ಕವರನ್ನು ನನಗೆ ತಂದುಕೊಟ್ಟರು. ನಿಮ್ಮ ಅಕ್ಷರ ಅಲ್ಲವಾ, ಇದನ್ನು ಬಿಸಾಡಬೇಡ ಎಂದು ಅಕ್ಕ ಹೇಳಿದ್ದರು ಎಂದರು. ಆಗ ಕೇಳಿದೆ, ಆಸ್ಪತ್ರೆಯಲ್ಲಿ ಬೆಳಕನ್ನು ಯಾವ ಕಡೆಗೆ ಕೊಡುತ್ತಿದ್ದರು ಎಂದು. ಅವರಿಗೆ ಪ್ರಶ್ನೆಯೇ ತಿಳಿಯಲಿಲ್ಲ.

"ಯಾವ ಕಡೆ ಅಂದ್ರೆ? ಎರಡೂ ಕಡೆ ಅಕ್ಕ. ದಿನಾ ಬೆಳಿಗ್ಗೆ, ಈ ಕಡೆ ಆದ್ಮೇಲೆ ಆ ಕಡೆ. ನಾನೇ ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕ್ಕೊಂಡು ನಿಂತಿರ್ತಿದ್ದೆ."

ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು, ಪರೀಕ್ಷೆ ಮಾಡಿದ್ದಾರೆ, ನೀನು ಪಾಸಾಗಿದ್ದೀಯ ಎಂದರು. ಮೇಷ್ಟ್ರಲ್ಲವೇ, ಅವರಿಗೆ ಹಾಗೆ ಕಾಣುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಅವತ್ತು ಕಿಟಕಿಯ ಬಿಸಿಲಿನಲ್ಲಿ, ಎಡಗಡೆ ಸ್ವಲ್ಪ ವಾಸಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಅಂದುಬಿಟ್ಟಿದ್ದರೂ ಅವರು ನನ್ನನ್ನು ಬೈಯುತ್ತಿರಲಿಲ್ಲ. ಸುಳ್ಳೆಂದು ಗೊತ್ತಿದ್ದೂ ಸುಮ್ಮನೆ, ಬರ್ಕೊಳ್ಳಿ ಎನ್ನುತ್ತಿದ್ದರು. ನಾನು ದುಂಡಗೆ ಬರೆದು, ದಿನ ಹಾಕಿ ಕೊಟ್ಟು, ಸಂತೋಷಪಡಿಸಿ ಬಂದೆ ಎಂದುಕೊಂಡು ಮಧ್ಯಾಹ್ನದ ಬಸ್ಸು ಹತ್ತುತ್ತಿದ್ದೆ.